ಫೋಟೊ ಓರೆಯಾದರೆ ಅಂಚೇಕೆ ಒಡೆಯುತ್ತದೆ?

ಮದುವೆಯ ಹೈಲೈಟ್ ವಿಡಿಯೊಗಳಲ್ಲಿ ಇದು ಮಾಮೂಲು. ಧಾರೆಯ, ಆರತಕ್ಷತೆಯ ಫೋಟೊಗಳು ಬಿಳಿ ಚೌಕಟ್ಟು ಹಾಕಿಕೊಂಡು, ಮೂರು ನಾಲ್ಕು ಡಿಗ್ರಿ ವಾಲಿಕೊಂಡು, ಒಂದರ ಮೇಲೊಂದು ನಿಧಾನವಾಗಿ ಜಾರಿ ಬರುತ್ತವೆ. ಫೋಟೊದ ಒಳಗೆ ಎಲ್ಲವೂ ಸ್ಪಷ್ಟ. ಆದರೆ ಬಿಳಿ ಚೌಕಟ್ಟಿನ ಹೊರ ಅಂಚನ್ನು ನೋಡಿ. ನೇರ ಗೆರೆ ಇರಬೇಕಾದ ಕಡೆ ಸಣ್ಣ ಸಣ್ಣ ಮೆಟ್ಟಿಲುಗಳು. ಫೋಟೊ ಅಲುಗಿದಂತೆಲ್ಲ ಆ ಮೆಟ್ಟಿಲುಗಳು ಅಂಚಿನುದ್ದಕ್ಕೂ ಹರಿದಾಡುತ್ತವೆ. ಒಮ್ಮೆ ಕಣ್ಣು ಅಲ್ಲಿಗೆ ಹೋಯಿತೆಂದರೆ ವಧೂವರರ ಮುಖಕ್ಕೆ ಮರಳುವುದು ಕಷ್ಟ.

‘ಪಿಕ್ಸೆಲ್ ಒಡೀತಿದೆ, ದೊಡ್ಡ ಫೋಟೊ ಕಳಿಸಿ’ ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ. ದೊಡ್ಡ ಫೋಟೊ ಬರುತ್ತದೆ, ಅಂಚು ಹಾಗೆಯೇ ಇರುತ್ತದೆ. ಎಷ್ಟೋ ಸಲ ಮೊದಲಿಗಿಂತ ಕೆಡುತ್ತದೆ. ಏಕೆಂದರೆ ಕೊರತೆ ಇರುವುದು ಫೋಟೊದ ಗಾತ್ರದಲ್ಲಲ್ಲ. ಫೋಟೊ ಮುಗಿದು ಹಿನ್ನೆಲೆ ಶುರುವಾಗುವ ಆ ಒಂದು ಪಿಕ್ಸೆಲ್ ಅಗಲದ ಗಡಿಯಲ್ಲಿ ತಂತ್ರಾಂಶ ಏನು ತೀರ್ಮಾನ ಮಾಡುತ್ತದೆ ಎಂಬುದರಲ್ಲಿ. ಆ ತೀರ್ಮಾನವನ್ನು ಬದಲಿಸಲು ದುಬಾರಿ ಸಾಮಗ್ರಿ ಬೇಕಿಲ್ಲ. ಯಾವ ಊರಿನ ಯಾವ ಸಣ್ಣ ಸ್ಟುಡಿಯೊದಲ್ಲೂ, ಉಚಿತ ತಂತ್ರಾಂಶದಲ್ಲೂ ಇದು ಸಾಧ್ಯ ಎಂಬ ಕಾರಣಕ್ಕೇ ಇದನ್ನು ವಿವರವಾಗಿ ಹೇಳಬೇಕೆನಿಸುತ್ತದೆ.

ಮೊದಲು ಮೆಟ್ಟಿಲಿನ ಲೆಕ್ಕ. ಪರದೆ ಎಂದರೆ ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಚುಕ್ಕೆಗಳು. ಅದರ ಮೇಲೆ 900 ಪಿಕ್ಸೆಲ್ ಉದ್ದದ ಗೆರೆಯೊಂದನ್ನು 3 ಡಿಗ್ರಿ ಓರೆ ಮಾಡಿದರೆ ಆ ತುದಿಗೆ ಹೋಗುವಷ್ಟರಲ್ಲಿ ಅದು ಸುಮಾರು 47 ಪಿಕ್ಸೆಲ್ ಕೆಳಗಿಳಿದಿರುತ್ತದೆ. ಎಂದರೆ 47 ಮೆಟ್ಟಿಲು, ಒಂದೊಂದೂ 19 ಪಿಕ್ಸೆಲ್ ಉದ್ದ. ಓರೆ ಕೇವಲ 1 ಡಿಗ್ರಿ ಆದರೆ ಒಂದೊಂದು ಮೆಟ್ಟಿಲೂ 57 ಪಿಕ್ಸೆಲ್ ಉದ್ದವಾಗುತ್ತದೆ. 45 ಡಿಗ್ರಿಯಲ್ಲಿ ಅದು ಒಂದೇ ಪಿಕ್ಸೆಲ್. ಅಷ್ಟು ಚಿಕ್ಕದನ್ನು ಕಣ್ಣು ನೇರ ಗೆರೆಯೆಂದೇ ಒಪ್ಪಿಕೊಳ್ಳುತ್ತದೆ. ಹೀಗಾಗಿ ಹೆಚ್ಚು ತಿರುಗಿಸಿದ ಚಿತ್ರಕ್ಕಿಂತ ಚೂರೇ ಚೂರು ವಾಲಿಸಿದ ಚಿತ್ರದ ಅಂಚೇ ಹೆಚ್ಚು ಕೆಟ್ಟದಾಗಿ ಕಾಣುತ್ತದೆ. ಆಲ್ಬಮ್ಮಿನಿಂದ ಉದುರಿದಂತೆ ಕಾಣಲಿ ಎಂದು ಎಡಿಟರುಗಳು ಆರಿಸಿಕೊಳ್ಳುವುದು ಸರಿಯಾಗಿ ಇದೇ ಎರಡರಿಂದ ಐದು ಡಿಗ್ರಿಯ ಓರೆಯನ್ನು.

ಧಾರವಾಡ ಸೀಮೆಯ ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಈ ಮೆಟ್ಟಿಲು ಚೆನ್ನಾಗಿ ಗೊತ್ತು. ಕಸೂತಿ ಬಟ್ಟೆಯ ಎಳೆ ಎಣಿಸಿ ಹಾಕುವ ಕಲೆ. ಸೂಜಿ ಅಡ್ಡಕ್ಕೆ, ಉದ್ದಕ್ಕೆ, ಇಲ್ಲವೇ ಕರ್ಣದ ಗೆರೆಯಲ್ಲಿ ಹೋಗಬೇಕು. ಗೋಪುರದ ಇಳಿಜಾರಾಗಲಿ, ತೇರಿನ ಕಳಸವಾಗಲಿ, ಎಳೆಗಳ ಲೆಕ್ಕದಲ್ಲೇ ಹತ್ತಿ ಇಳಿಯಬೇಕು. ಮುರಗಿ ಹೊಲಿಗೆಯಂತೂ ಮೆಟ್ಟಿಲುಮೆಟ್ಟಿಲಾಗಿಯೇ ಸಾಗುತ್ತದೆ, ಅದರ ಚೆಲುವೇ ಅದು. ಅಲ್ಲಿ ಅರ್ಧ ಎಳೆ ಎಂಬುದಿಲ್ಲ. ಪರದೆಗೆ ಮಾತ್ರ ಕಸೂತಿಗಿಲ್ಲದ ಒಂದು ಅನುಕೂಲವಿದೆ. ಗಡಿಯ ಮೇಲಿನ ಚುಕ್ಕೆ ಪೂರ್ತಿ ಬಿಳಿಯೋ ಪೂರ್ತಿ ಕಪ್ಪೋ ಆಗಬೇಕಿಲ್ಲ. ಗೆರೆ ತನ್ನ ಮೇಲೆ ಎಷ್ಟು ಪಾಲು ಹಾದುಹೋಗಿದೆಯೋ ಅಷ್ಟು ಪಾಲಿನ ನಡುಬಣ್ಣ ತಾಳಬಹುದು. 8 ಬಿಟ್ ವಿಡಿಯೊದಲ್ಲೂ ಬಣ್ಣದ ಒಂದೊಂದು ಅಂಶಕ್ಕೆ ಇನ್ನೂರಕ್ಕೂ ಹೆಚ್ಚು ಮಟ್ಟಗಳಿವೆ. ಮೆಟ್ಟಿಲಿನ ಮೂಲೆಗೆ ಈ ನಡುಬಣ್ಣ ತುಂಬಿದರೆ ಸಾಕು, ನೋಡುವ ದೂರದಿಂದ ಕಣ್ಣು ಅದನ್ನು ನೇರ ಗೆರೆಯಾಗಿ ಓದುತ್ತದೆ. ಆಂಟಿ-ಏಲಿಯಾಸಿಂಗ್ ಎನ್ನುವುದು ಇಷ್ಟನ್ನೇ.

ನಡುಬಣ್ಣದ ಹಂಬಲ ಡಿಜಿಟಲ್ ಚಿತ್ರದಷ್ಟೇ ಹಳೆಯದು. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರಸೆಲ್ ಕಿರ್ಶ್ ಮತ್ತು ಸಂಗಡಿಗರು ಮೊದಲ ಡಿಜಿಟಲ್ ಸ್ಕ್ಯಾನ್ ಮಾಡಿದರು. ಅದು ಕಿರ್ಶ್ ಅವರ ಮೂರು ತಿಂಗಳ ಮಗುವಿನ ಫೋಟೊ, 176ಕ್ಕೆ 176 ಚುಕ್ಕೆ. ಅವರ ಯಂತ್ರಕ್ಕೆ ಒಂದು ಚುಕ್ಕೆ ಕಪ್ಪೋ ಬಿಳುಪೋ ಎಂದಷ್ಟೇ ತಿಳಿಯುತ್ತಿತ್ತು. ಬೇರೆ ಬೇರೆ ಬೆಳಕಿನ ಮಿತಿ ಇಟ್ಟು ಹಲವು ಬಾರಿ ಸ್ಕ್ಯಾನ್ ಮಾಡಿ, ಅವುಗಳನ್ನು ಕೂಡಿಸಿ ಬೂದು ಛಾಯೆ ಪಡೆದರು. ಚೌಕ ಚುಕ್ಕೆಗಳ ಬಗ್ಗೆ ಕಿರ್ಶ್ ಅವರಿಗೆ ಕೊನೆಯವರೆಗೂ ಅತೃಪ್ತಿ ಉಳಿದಿತ್ತು. ಎಂಬತ್ತು ದಾಟಿದ ಮೇಲೂ ಬೇರೆ ಬೇರೆ ಆಕಾರದ ಪಿಕ್ಸೆಲ್‌ಗಳಿಂದ ಚಿತ್ರ ಕಟ್ಟುವ ಬಗೆಯನ್ನು ಅವರು ಹುಡುಕುತ್ತಿದ್ದರು.

ತಿರುಗಿಸುವಾಗ ನಡೆಯುವುದೇನು

ಎಡಿಟಿಂಗ್ ಟೈಮ್‌ಲೈನಿನಲ್ಲಿ ಫೋಟೊ ತಿರುಗಿಸಿದಾಗ ಹಳೆಯ ಪಿಕ್ಸೆಲ್‌ಗಳು ಎದ್ದು ಹೊಸ ಜಾಗಕ್ಕೆ ಹೋಗಿ ಕೂರುತ್ತವೆ ಎಂದು ನಾವು ಅಂದುಕೊಳ್ಳುತ್ತೇವೆ. ಲೆಕ್ಕ ನಡೆಯುವುದು ಹಿಂದುಮುಂದಾಗಿ. ಹೊಸ ಫ್ರೇಮಿನ ಪ್ರತಿ ಪಿಕ್ಸೆಲಿಗೂ ತಂತ್ರಾಂಶ ಒಂದು ಪ್ರಶ್ನೆ ಕೇಳುತ್ತದೆ: ಮೂಲ ಫೋಟೊದಲ್ಲಿ ನಿನ್ನ ಜಾಗ ಯಾವುದು? ಉತ್ತರ ಬರುವುದು ಪೂರ್ಣಾಂಕದಲ್ಲಲ್ಲ. ಅಡ್ಡಕ್ಕೆ 412.3, ಕೆಳಕ್ಕೆ 208.8 ಎಂಬಂತೆ ಬರುತ್ತದೆ. ಅಂಥ ಜಾಗದಲ್ಲಿ ಪಿಕ್ಸೆಲ್ಲೇ ಇಲ್ಲ, ಅದು ನಾಲ್ಕು ಪಿಕ್ಸೆಲ್‌ಗಳ ನಡುವಿನ ಜಾಗ.

ಆತುರದ ದಾರಿ ಎಂದರೆ ನಾಲ್ಕರಲ್ಲಿ ಹತ್ತಿರದ್ದನ್ನು ಎತ್ತಿಕೊಳ್ಳುವುದು. ಇದು ನಿಯರೆಸ್ಟ್ ನೇಬರ್. ವೇಗ ಹೆಚ್ಚು, ಫಲ ಒರಟು. ಬೈಲೀನಿಯರ್ ಲೆಕ್ಕ ನಾಲ್ಕಕ್ಕೂ ದೂರಕ್ಕೆ ತಕ್ಕ ಪಾಲು ಕೊಡುತ್ತದೆ; ಮೇಲಿನ ಉದಾಹರಣೆಯಲ್ಲಿ ಆ ಪಾಲು ನೂರಕ್ಕೆ 14, 6, 56 ಮತ್ತು 24. ಬೈಕ್ಯೂಬಿಕ್ ಸುತ್ತಲಿನ 16 ಪಿಕ್ಸೆಲ್‌ಗಳನ್ನು ಕೇಳುತ್ತದೆ. ಹಂಗೆರಿಯ ಗಣಿತಜ್ಞ ಕಾರ್ನೆಲಿಯಸ್ ಲಾಂಚೋಸ್ ಹೆಸರಿನ ಫಿಲ್ಟರು ಅದರ ಸಾಮಾನ್ಯ ರೂಪದಲ್ಲಿ 36ನ್ನು ಕೇಳುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಲೇಯರಿನ ಕ್ವಾಲಿಟಿ ಡ್ರಾಫ್ಟ್‌ನಲ್ಲಿ ಉಳಿದಿದ್ದರೆ ಒಳಗೂ ಹೊರಗೂ ಎಲ್ಲವೂ ಒರಟಾಗುತ್ತದೆ; ಅದನ್ನು ಬೆಸ್ಟ್‌ಗೆ ಇಡಬೇಕು. ಪ್ರೀಮಿಯರ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಮ್ಯಾಕ್ಸಿಮಮ್ ರೆಂಡರ್ ಕ್ವಾಲಿಟಿ ಎಂಬ ಗುರುತನ್ನು ಹಾಕಬೇಕು. ಇನ್ನೊಂದು ಮಾತು: ಟೈಮ್‌ಲೈನ್ ಪ್ಲೇಬ್ಯಾಕ್ ಅರ್ಧ, ಕಾಲು ರೆಸಲ್ಯೂಷನ್ನಿನಲ್ಲಿ ಓಡುತ್ತಿರುವಾಗ ಅಂಚಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಬಾರದು. ಐದು ಸೆಕೆಂಡಿನ ತುಣುಕೊಂದನ್ನು ಎಕ್ಸ್‌ಪೋರ್ಟ್ ಮಾಡಿ, ನೂರಕ್ಕೆ ನೂರು ಗಾತ್ರದಲ್ಲಿ ನೋಡಿ ಹೇಳಬೇಕು.

ಇಷ್ಟೆಲ್ಲ ಮಾಡಿದರೂ ಫೋಟೊದ ಒಳಭಾಗ ನುಣುಪಾಗಿ, ಹೊರ ಅಂಚು ಮಾತ್ರ ಮೆಟ್ಟಿಲಾಗಿ ಉಳಿಯುತ್ತದೆ. ಎಡಿಟರುಗಳನ್ನು ಬಹಳ ಕಾಡುವುದು ಇದೇ, ಆದರೆ ಕಾರಣ ಸರಳ. ಫೋಟೊದ ಒಳಗೆ ಯಾವ ಬಿಂದುವಿಗೂ ಸುತ್ತ ನಾಲ್ಕು ನೆರೆಯ ಪಿಕ್ಸೆಲ್‌ಗಳಿವೆ, ಬೆರೆಸಲು ಸಾಧ್ಯ. ಅಂಚಿನ ಆಚೆ ಏನೂ ಇಲ್ಲ. ಮೂಲದಲ್ಲಿ ನಿನ್ನ ಜಾಗ ಯಾವುದು ಎಂಬ ಪ್ರಶ್ನೆಗೆ ಸೊನ್ನೆಗಿಂತ ಕೆಳಗಿನ ಉತ್ತರ ಬಂದರೆ ಅನೇಕ ತಂತ್ರಾಂಶಗಳು ‘ಇದು ಫೋಟೊದ ಹೊರಗೆ’ ಎಂದು ಆ ಪಿಕ್ಸೆಲನ್ನು ಪೂರ್ತಿ ಪಾರದರ್ಶಕ ಮಾಡಿಬಿಡುತ್ತವೆ. ಸೊನ್ನೆಗಿಂತ ಚೂರು ಮೇಲಿದ್ದರೆ ಪೂರ್ತಿ ಫೋಟೊ. ನಡುಬಣ್ಣಕ್ಕೆ ಅಲ್ಲಿ ಎಡೆಯೇ ಇಲ್ಲ. ಬೈಕ್ಯೂಬಿಕ್ ಹಾಕಿ, ಲಾಂಚೋಸ್ ಹಾಕಿ, ಗಡಿಯಲ್ಲಿ ಇರುವುದು ಹೌದು-ಇಲ್ಲದ ಉತ್ತರ ಮಾತ್ರ.

ಹಾಗಿದ್ದರೆ ಗಡಿಯನ್ನೇ ಫೋಟೊದ ಒಳಗೆ ತರಬೇಕು. ಫೋಟೊಶಾಪ್‌ನಲ್ಲೋ ಗಿಂಪ್‌ನಲ್ಲೋ ಫೋಟೊ ತೆರೆದು, ಕ್ಯಾನ್ವಾಸನ್ನು ನಾಲ್ಕೂ ಕಡೆ ನಾಲ್ಕೈದು ಪಿಕ್ಸೆಲ್ ಹಿಗ್ಗಿಸಿ, ಹಿಗ್ಗಿಸಿದ ಜಾಗವನ್ನು ಪಾರದರ್ಶಕವಾಗಿ ಬಿಟ್ಟು, ಪಿಎನ್‌ಜಿಯಾಗಿ ಉಳಿಸಿ. ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ, ಅದು ಇಲ್ಲಿ ನಡೆಯದು. ಈಗ ಬಿಳಿ ಚೌಕಟ್ಟಿನ ಆಚೆಗೂ ಪಿಕ್ಸೆಲ್‌ಗಳಿವೆ. ಅವು ಕಾಣದ ಪಿಕ್ಸೆಲ್‌ಗಳು, ಅಷ್ಟೆ. ಗಡಿಯ ಮೇಲೆ ಬಿದ್ದ ಬಿಂದುವಿಗೆ ಒಂದು ಬದಿ ಪೂರ್ತಿ ಬಿಳಿ, ಇನ್ನೊಂದು ಬದಿ ಪೂರ್ತಿ ಪಾರದರ್ಶಕ. ಬೈಲೀನಿಯರ್ ಲೆಕ್ಕ ಅವೆರಡನ್ನೂ ಪಾಲಿಗೆ ತಕ್ಕಂತೆ ಬೆರೆಸಿ ಮೂವತ್ತು ಪಾಲು, ಅರವತ್ತು ಪಾಲು ಪಾರದರ್ಶಕತೆ ಕೊಡುತ್ತದೆ. ಮೆಟ್ಟಿಲು ಕರಗುತ್ತದೆ. ಒಂದೇ ಒಂದು ನಿಮಿಷದ ಕೆಲಸ. ಫೋಟೊಗಳು ನೂರಿದ್ದರೆ ಒಂದು ಆ್ಯಕ್ಷನ್ ಬರೆದು ಒಟ್ಟಿಗೆ ಓಡಿಸಬಹುದು. ಡಾವಿಂಚಿ ರಿಸಾಲ್ವ್‌ನವರು ಇದಕ್ಕೆಂದೇ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಇಮೇಜ್ ಸ್ಕೇಲಿಂಗ್ ಪುಟದಲ್ಲಿ ಆಂಟಿ-ಏಲಿಯಾಸ್ ಎಡ್ಜಸ್ ಎಂಬ ಆಯ್ಕೆ ಇಟ್ಟಿದ್ದಾರೆ. ನಿಮ್ಮ ತಂತ್ರಾಂಶದಲ್ಲಿ ಅಂಥದ್ದು ಇಲ್ಲದಿದ್ದರೆ ಈ ಪಾರದರ್ಶಕ ಅಂಚು ಅದರ ಕೆಲಸ ಮಾಡುತ್ತದೆ.

ಇಲ್ಲಿ ಕ್ರಮ ತಪ್ಪಬಾರದು. ಕ್ಯಾಮೆರಾದಿಂದ ಬಂದ 6000 ಪಿಕ್ಸೆಲ್ ಅಗಲದ ಫೋಟೊಗೆ ಪಾರದರ್ಶಕ ಅಂಚು ಕಟ್ಟಿ, ಟೈಮ್‌ಲೈನಿನಲ್ಲಿ ಅದನ್ನು 900 ಪಿಕ್ಸೆಲ್‌ಗೆ ಕುಗ್ಗಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಬಿಳಿಯಿಂದ ಪಾರದರ್ಶಕಕ್ಕೆ ಜಾರುವ ಇಳಿಜಾರು ಮೂಲ ಫೋಟೊದ ಒಂದು ಪಿಕ್ಸೆಲ್ ಅಗಲದ್ದು. ಅದು ಪರದೆಯ ಮೇಲೆ ಪಿಕ್ಸೆಲಿನ ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ, ಬಹುಪಾಲು ಚುಕ್ಕೆಗಳು ಅದನ್ನು ಹಾರಿ ಆಚೆಗೆ ಬೀಳುತ್ತವೆ, ಮೆಟ್ಟಿಲು ಮತ್ತೆ ಕಾಣಿಸಿಕೊಳ್ಳುತ್ತದೆ. ದೊಡ್ಡ ಫೋಟೊ ಕಳಿಸಿದಾಗ ಅಂಚು ಇನ್ನೂ ಕೆಡುವುದು ಹೀಗೆ. ಆದ್ದರಿಂದ ಮೊದಲು ಫೋಟೊವನ್ನು ವಿಡಿಯೊದಲ್ಲಿ ಅದು ತಾಳುವ ಅತಿ ದೊಡ್ಡ ಗಾತ್ರಕ್ಕೆ ಇಳಿಸಿ, ಆಮೇಲೆ ಅಂಚು ಕಟ್ಟಬೇಕು. ನಿಧಾನ ಜೂಮ್ ಇದ್ದರೆ ಜೂಮಿನ ಕೊನೆಯ ಗಾತ್ರವೇ ಲೆಕ್ಕ.

ಅಂಚು ಕಟ್ಟಿದ ಮೇಲೆ ಕೆಲವೊಮ್ಮೆ ಹೊಸ ತೊಂದರೆ ಕಾಣಿಸುತ್ತದೆ: ಬಿಳಿ ಚೌಕಟ್ಟಿನ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ. ಪಾರದರ್ಶಕ ಪಿಕ್ಸೆಲಿಗೂ ಒಂದು ಬಣ್ಣದ ಸಂಖ್ಯೆ ಇರುತ್ತದೆ, ಅದು ಸಾಮಾನ್ಯವಾಗಿ ಕಪ್ಪು. ಬೆರೆಸುವಾಗ ಪಾರದರ್ಶಕತೆಯ ಜೊತೆಗೆ ಆ ಕಾಣದ ಕಪ್ಪೂ ಬೆರೆತುಹೋಗುತ್ತದೆ. ಈ ಒಗಟಿಗೆ ಉತ್ತರ ಎಪ್ಪತ್ತರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ರೂಪುಗೊಳ್ಳತೊಡಗಿತು. ಮುಂದೆ ಪಿಕ್ಸಾರ್ ಕಟ್ಟಿದ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಅಲ್ಲಿ ಕೆಂಪು, ಹಸಿರು, ನೀಲಿಯ ಜೊತೆಗೆ ಪಾರದರ್ಶಕತೆಗೆಂದೇ ನಾಲ್ಕನೇ ಪದರವನ್ನು ಸೇರಿಸಿದರು. ಅದೇ ಆಲ್ಫಾ ಚಾನೆಲ್. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿ ಇಟ್ಟುಕೊಂಡರೆ ಬೆರಕೆಯ ಲೆಕ್ಕವೆಲ್ಲ ನೇರವಾಗುತ್ತದೆ ಎಂದು ತೋರಿಸಿದರು. ಈ ನಾಲ್ವರಿಗೂ 1996ರಲ್ಲಿ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ನಿಮ್ಮ ವಿಡಿಯೊದಲ್ಲಿ ಕಪ್ಪು ಗೆರೆ ಕಂಡರೆ ಫೈಲಿನ ಆಲ್ಫಾವನ್ನು ತಂತ್ರಾಂಶ ಸ್ಟ್ರೇಟ್ ಎಂದು ಓದುತ್ತಿದೆಯೋ ಪ್ರಿಮಲ್ಟಿಪ್ಲೈಡ್ ಎಂದೋ ನೋಡಿ, ಇನ್ನೊಂದಕ್ಕೆ ಬದಲಿಸಿ. ಅದೂ ಆಗದಿದ್ದರೆ ಚೌಕಟ್ಟಿನ ಬಿಳಿಯನ್ನೇ ಪಾರದರ್ಶಕ ಜಾಗದ ಅಡಿಗೂ ಹರಡಿ, ಮೇಲೆ ಮಾಸ್ಕ್ ಹಾಕಿ ಮರೆಮಾಡಬಹುದು.

ಜರಿಯ ಮಿನುಗು

ಅಂಚು ಸರಿಯಾದ ಮೇಲೆ ಕಣ್ಣು ಒಳಕ್ಕೆ ಹೋಗುತ್ತದೆ. ಇಳಕಲ್ ಸೀರೆಯ ಸೆರಗು, ರೇಷ್ಮೆಯ ಜರಿ, ಹಿನ್ನೆಲೆಯಲ್ಲಿ ಮಂಟಪದ ಹೂವಿನ ಸರ: ಫೋಟೊ ವಾಲಿ ಜರುಗುವಾಗ ಇವೆಲ್ಲ ಕುದಿಯುವಂತೆ ಮಿನುಗುತ್ತವೆ, ಮೂಲದಲ್ಲಿಲ್ಲದ ಅಲೆಗಳು ಕಾಣುತ್ತವೆ. ಇದೂ ಅದೇ ರೋಗದ ಇನ್ನೊಂದು ಮುಖ. 6000 ಪಿಕ್ಸೆಲನ್ನು 900ಕ್ಕೆ ಕುಗ್ಗಿಸಿದಾಗ ಹೊಸ ಒಂದು ಪಿಕ್ಸೆಲಿನ ಪಾಲಿಗೆ ಹಳೆಯ 44 ಪಿಕ್ಸೆಲ್‌ಗಳು ಬರುತ್ತವೆ. ಬೈಲೀನಿಯರ್ ಅವುಗಳಲ್ಲಿ ನಾಲ್ಕನ್ನು ಮಾತ್ರ ಕೇಳಿ ಉಳಿದ ನಲವತ್ತನ್ನು ಬಿಟ್ಟುಬಿಡುತ್ತದೆ. ಮುಂದಿನ ಫ್ರೇಮಿನಲ್ಲಿ ಕೇಳುವ ನಾಲ್ಕು ಬೇರೆ. ಜರಿಯ ಒಂದು ಎಳೆ ಈ ಫ್ರೇಮಿನಲ್ಲಿ ಸಿಕ್ಕಿ, ಮುಂದಿನದರಲ್ಲಿ ತಪ್ಪಿಹೋಗುತ್ತದೆ.

ಯೂಟಾ ವಿಶ್ವವಿದ್ಯಾಲಯದಲ್ಲಿ ಓದಿದ ಫ್ರಾಂಕ್ ಕ್ರೋ 1977ರಲ್ಲಿ ಕಂಪ್ಯೂಟರ್ ಚಿತ್ರಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇವೆರಡನ್ನೂ ಒಂದೇ ಕಟ್ಟಿಗೆ ತಂದರು. ಮೆಟ್ಟಿಲಾಗುವ ಅಂಚು, ಕಾಣಿಸಿ ಮಾಯವಾಗುವ ಸಣ್ಣ ವಸ್ತು, ಎರಡಕ್ಕೂ ಮೂಲ ಒಂದೇ: ಚುಕ್ಕೆಗಳು ಹಿಡಿದಿಡಬಲ್ಲದ್ದಕ್ಕಿಂತ ಸೂಕ್ಷ್ಮವಾದ ವಿವರವನ್ನು ಹಾಗೆಯೇ ಚುಕ್ಕೆಗಿಳಿಸುವುದು. ಮೊದಲು ವಿವರವನ್ನು ಸೋಸಿ, ಆಮೇಲೆ ಚುಕ್ಕೆಗಿಳಿಸಬೇಕು. ಟೈಮ್‌ಲೈನಿಗೆ ತರುವ ಮೊದಲೇ ಫೋಟೊವನ್ನು ಒಳ್ಳೆಯ ಫಿಲ್ಟರಿನಿಂದ ಕುಗ್ಗಿಸಿಕೊಳ್ಳುವುದು ಈ ಸೋಸುವಿಕೆಯೇ. ಅಂಚಿಗೂ ಜರಿಗೂ ಒಂದೇ ಮದ್ದು ಸಾಕಾಗುವುದು ಅದಕ್ಕಾಗಿಯೇ.

ಯಾವ ಫಿಲ್ಟರ್ ಒಳ್ಳೆಯದು? ಇದಕ್ಕೆ ಗಣಿತ ಒಂದೇ ಉತ್ತರ ಕೊಡುವುದಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿದ್ದ ಡಾನ್ ಮಿಚೆಲ್ ಮತ್ತು ಅರುಣ್ ನೇತ್ರಾವಳಿ 1988ರಲ್ಲಿ ಮನುಷ್ಯರ ಕಣ್ಣನ್ನೇ ಅಳತೆಗೋಲು ಮಾಡಿಕೊಂಡರು. ಚಿತ್ರಗಳನ್ನು ನೋಡುಗರ ಮುಂದಿಟ್ಟು, ಯಾವುದು ಮಸುಕು, ಯಾವುದರ ಅಂಚಿನಲ್ಲಿ ಪ್ರತಿಧ್ವನಿಯಂಥ ಗೆರೆ, ಯಾವುದು ಹಿತ ಎಂದು ಗುರುತಿಸಿ, ಮೂರನ್ನೂ ತೂಗಿಸುವ ಒಂದು ಸೂತ್ರ ಸೂಚಿಸಿದರು. ತಂತ್ರಾಂಶಗಳ ಫಿಲ್ಟರ್ ಪಟ್ಟಿಯಲ್ಲಿ ಕಾಣುವ ಮಿಚೆಲ್ ಅದೇ. ಐಐಟಿ ಬಾಂಬೆಯಲ್ಲಿ ಓದಿದ ನೇತ್ರಾವಳಿ ಮುಂದೆ ಬೆಲ್ ಲ್ಯಾಬ್ಸ್‌ನ ಅಧ್ಯಕ್ಷರಾದರು, 2001ರಲ್ಲಿ ಪದ್ಮಭೂಷಣ ಪಡೆದರು. ಲಾಂಚೋಸ್ ಹರಿತ, ಆದರೆ ಬಿಳಿ ಚೌಕಟ್ಟಿನಂಥ ಗಟ್ಟಿ ಗಡಿಯ ಪಕ್ಕ ಸಣ್ಣ ನೆರಳುಗೆರೆ ಬಿಡುತ್ತದೆ. ಚಲಿಸುವ ಫೋಟೊಗಳಿಗೆ ನನ್ನ ಆಯ್ಕೆ ಮಿಚೆಲ್. ಚಲಿಸುವಾಗ ಸ್ವಲ್ಪ ಮಸುಕು ಕಣ್ಣಿಗೆ ಗೊತ್ತಾಗುವುದಿಲ್ಲ, ಮಿನುಗು ಮಾತ್ರ ಗೊತ್ತಾಗದೆ ಇರುವುದಿಲ್ಲ.

ಕನ್ನಡ ಅಕ್ಷರ, ಕೆಂಪು ಬಣ್ಣ

ಕನ್ನಡದಲ್ಲಿ ಕೆಲಸ ಮಾಡುವ ಎಡಿಟರಿಗೆ ಇನ್ನೊಂದು ಕಷ್ಟವಿದೆ. ಎಡಿಟಿಂಗ್ ತಂತ್ರಾಂಶಗಳು ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸದೆ ಒಡೆದುಹಾಕುವುದನ್ನು ಕಂಡು ಬೇಸತ್ತವರು ಶೀರ್ಷಿಕೆಯನ್ನು ಬೇರೆಡೆ ಟೈಪಿಸಿ ಚಿತ್ರವಾಗಿ ತರುವುದನ್ನು ರೂಢಿ ಮಾಡಿಕೊಂಡರು. ಆ ಕ್ಷಣದಿಂದ ಅಕ್ಷರವೂ ಒಂದು ಫೋಟೊ. ತಿರುಗಿಸಿದರೆ ಫೋಟೊಗೆ ಆಗುವುದೆಲ್ಲ ಅದಕ್ಕೂ ಆಗುತ್ತದೆ. ನಮ್ಮ ಅಕ್ಷರಗಳು ದುಂಡಗಿವೆ. ದುಂಡಿನ ನೆತ್ತಿಯಲ್ಲೂ ಅಡಿಯಲ್ಲೂ ಗೆರೆ ಬಹುತೇಕ ಮಲಗಿರುತ್ತದೆ, ಅಂದರೆ ಉದ್ದ ಮೆಟ್ಟಿಲು ಹುಟ್ಟುವ ಆ ಒಂದೆರಡು ಡಿಗ್ರಿಯ ಓರೆ ಪ್ರತಿ ಅಕ್ಷರದಲ್ಲೂ ಇದೆ. ಮೇಲಾಗಿ ಒತ್ತುಗಳು ಚಿಕ್ಕವು, ಅಲ್ಲಿ ಒಂದು ಪಿಕ್ಸೆಲ್ ಆಚೀಚೆಯಾದರೂ ಅಕ್ಷರ ಕಲೆಸಿಹೋಗುತ್ತದೆ.

ಇದಕ್ಕೆ ಇಂಕ್‌ಸ್ಕೇಪ್‌ನಂಥ ತಂತ್ರಾಂಶ ಒಳ್ಳೆಯ ದಾರಿ. ಅದರಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂಡುತ್ತದೆ. ಟೈಪಿಸಿದ ಸಾಲನ್ನು ಪಾತ್ ಆಗಿ ಬದಲಿಸಿದರೆ ಅದು ಪಿಕ್ಸೆಲ್ ಆಗಿರದೆ ರೇಖೆಗಳ ಸೂತ್ರವಾಗುತ್ತದೆ. ಅದನ್ನು ವೆಕ್ಟರ್ ಫೈಲಾಗಿಯೇ ಆಫ್ಟರ್ ಎಫೆಕ್ಟ್ಸ್‌ಗೆ ತಂದು ಕಂಟಿನ್ಯೂಯಸ್ಲಿ ರಾಸ್ಟರೈಜ್ ಗುರುತು ಹಾಕಿದರೆ, ತಂತ್ರಾಂಶ ಮೊದಲು ರೇಖೆಯನ್ನು ತಿರುಗಿಸಿ ಆಮೇಲೆ ಚುಕ್ಕೆಗಿಳಿಸುತ್ತದೆ. ಚುಕ್ಕೆಗಳನ್ನು ತಿರುಗಿಸುವ ಪ್ರಮೇಯವೇ ಬರುವುದಿಲ್ಲ. ಚಿತ್ರವಾಗಿಯೇ ತರಬೇಕಾದ ಅನಿವಾರ್ಯವಿದ್ದರೆ, ಓರೆಯನ್ನು ಇಂಕ್‌ಸ್ಕೇಪ್‌ನಲ್ಲೇ ಕೊಟ್ಟು ಬೇಕಾದಷ್ಟೇ ಗಾತ್ರಕ್ಕೆ ಎಕ್ಸ್‌ಪೋರ್ಟ್ ಮಾಡಿ.

ಅಕ್ಷರ ನುಣುಪಾಗಿದ್ದರೂ ಯೂಟ್ಯೂಬಿಗೆ ಹೋದ ಮೇಲೆ ಒಡೆದಂತೆ ಕಾಣುತ್ತದೆ ಎಂಬ ದೂರು ಕೆಂಪು ಅಕ್ಷರಗಳ ಬಗ್ಗೆ ಹೆಚ್ಚು. ನಮಗೆ ತಲುಪುವ ಬಹುಪಾಲು ವಿಡಿಯೊಗಳು 4:2:0 ಪದ್ಧತಿಯವು. 1920ಕ್ಕೆ 1080ರ ಫ್ರೇಮಿನಲ್ಲಿ ಬೆಳಕಿನ ಪ್ರಮಾಣ ಅಷ್ಟೂ ಚುಕ್ಕೆಗಳಲ್ಲಿ ದಾಖಲಾಗುತ್ತದೆ, ಬಣ್ಣ ಮಾತ್ರ 960ಕ್ಕೆ 540ರಲ್ಲಿ. ಬೆಳಕಿನ ಅಂತರವಿರುವ ಅಂಚು ಇದರಲ್ಲಿ ಚೆನ್ನಾಗಿ ಉಳಿಯುತ್ತದೆ. ಬಣ್ಣದ ಅಂತರವಷ್ಟೇ ಇರುವ ಅಂಚು ಎರಡೆರಡು ಪಿಕ್ಸೆಲಿನ ಮೆಟ್ಟಿಲಾಗುತ್ತದೆ. ಎಚ್‌ಡಿ ವಿಡಿಯೊದ ಅಳತೆಯಲ್ಲಿ ಅಪ್ಪಟ ಕೆಂಪಿನ ಬೆಳಕು ನೂರಕ್ಕೆ 21, ನೀಲಿಯದು 7. ನೀಲಿಯ ಮೇಲೆ ಕೆಂಪಕ್ಷರ ಬರೆದರೆ ಅಂಚನ್ನು ಹಿಡಿದಿಡಲು ಬೆಳಕಿನ ಅಂತರವೇ ಸಾಲದು. ಹಳದಿಯದು 93. ಹಾಗಾಗಿ ಮ. ರಾಮಮೂರ್ತಿಯವರು ರೂಪಿಸಿದ ಹಳದಿ-ಕೆಂಪು ಬಾವುಟ ರಾಜ್ಯೋತ್ಸವದ ವಿಡಿಯೊಗಳಲ್ಲಿ ಎಷ್ಟು ಓರೆಯಾಗಿ ಹಾರಾಡಿದರೂ ನಡುವಿನ ಗೆರೆ ಗಟ್ಟಿಯಾಗಿ ನಿಲ್ಲುತ್ತದೆ. ಬೇರೆ ಬಣ್ಣಗಳ ಜೋಡಿ ಆರಿಸುವಾಗ ಫ್ರೇಮನ್ನು ಒಮ್ಮೆ ಕಪ್ಪು-ಬಿಳುಪು ಮಾಡಿ ನೋಡಿ. ಅದರಲ್ಲಿ ಅಕ್ಷರ ಓದಲು ಬಂದರೆ ಬಣ್ಣದಲ್ಲೂ ನಿಲ್ಲುತ್ತದೆ.

ಇಡೀ ಫ್ರೇಮನ್ನೇ ತಿರುಗಿಸಬೇಕಾಗುವ ಸಂದರ್ಭಗಳೂ ಇವೆ. ಮೊಬೈಲಿನಲ್ಲಿ ಹಿಡಿದ ಕಡಲ ದಿಗಂತ ಎರಡು ಡಿಗ್ರಿ ವಾಲಿದೆ ಎಂದುಕೊಳ್ಳಿ. ಅದನ್ನು ನೇರ ಮಾಡಿದಾಗ ಮೂಲೆಗಳಲ್ಲಿ ಕಪ್ಪು ತ್ರಿಕೋನಗಳು ಕಾಣುತ್ತವೆ. ಅವನ್ನು ಮರೆಸಲು 16:9 ಫ್ರೇಮನ್ನು ಸುಮಾರು ನೂರಕ್ಕೆ 6 ಹಿಗ್ಗಿಸಬೇಕು. 1080ಪಿ ದೃಶ್ಯವನ್ನು ಹೀಗೆ ಹಿಗ್ಗಿಸಿದರೆ ಮೃದುವಾಗುತ್ತದೆ. 4ಕೆಯಲ್ಲಿ ಹಿಡಿದು 1080ಪಿಯಲ್ಲಿ ಮುಗಿಸುವವರಿಗೆ ಈ ಚಿಂತೆಯಿಲ್ಲ. ನಾಲ್ಕು ಪಿಕ್ಸೆಲ್ ಒಂದಾಗುವಾಗ ತಿರುವಿನ ಒರಟುತನವೂ ಅದರೊಳಗೆ ಅಡಗುತ್ತದೆ. ಏನೇ ಆದರೂ ತಿರುಗಿಸುವ ಕೆಲಸ ಮೂಲದಿಂದ ಒಂದೇ ಸಲ ನಡೆಯಬೇಕು. ಒಂದು ಡಿಗ್ರಿ ತಿರುಗಿಸಿ ರೆಂಡರ್ ಮಾಡಿ, ಸಾಲದೆನಿಸಿ ಅದನ್ನೇ ಮತ್ತೆ ತಿರುಗಿಸಿದರೆ ಪ್ರತಿ ಸಲವೂ ವಿವರ ಸೋರುತ್ತದೆ. 90 ಡಿಗ್ರಿಯ ತಿರುವಿಗೆ ಈ ನಷ್ಟವಿಲ್ಲ. ಮೊಬೈಲಿನಲ್ಲಿ ಉದ್ದುದ್ದ ಹಿಡಿದ ವಿಡಿಯೊದಲ್ಲಿ ಪಿಕ್ಸೆಲ್‌ಗಳನ್ನು ಮುಟ್ಟದೆ ‘ತಿರುಗಿಸಿ ತೋರಿಸು’ ಎಂಬ ಸೂಚನೆ ಮಾತ್ರ ಫೈಲಿನಲ್ಲಿರುತ್ತದೆ.

ಕೊನೆಯದಾಗಿ ಹಳೆಯ ಕ್ಯಾಸೆಟ್ಟುಗಳು. ಡಿವಿ ಟೇಪಿನಿಂದ ಇಳಿಸಿಕೊಂಡ ಮದುವೆ, ಗೃಹಪ್ರವೇಶಗಳನ್ನು ಹೊಸ ವಿಡಿಯೊದಲ್ಲಿ ಓರೆ ಚೌಕಟ್ಟಿನೊಳಗೆ ಕೂರಿಸುವುದು ಈಗ ಸಾಮಾನ್ಯ. ನಮ್ಮ ಪಾಲ್ ಪದ್ಧತಿಯಲ್ಲಿ ಒಂದು ಫ್ರೇಮಿನ ಬೆಸ ಸಾಲುಗಳು ಒಂದು ಕ್ಷಣದವು, ಸಮ ಸಾಲುಗಳು ಸೆಕೆಂಡಿನ ಐವತ್ತನೇ ಒಂದು ಭಾಗ ಆಚೀಚಿನವು. ಅದನ್ನು ಹಾಗೆಯೇ ತಿರುಗಿಸಿದರೆ ಎರಡು ಕ್ಷಣಗಳ ಸಾಲುಗಳು ಓರೆಯಾಗಿ ಹೆಣೆದುಕೊಂಡು, ಮುಂದೆ ಯಾವ ತಂತ್ರಾಂಶವೂ ಬಿಡಿಸಲಾರದಂತಾಗುತ್ತವೆ. ಆ 720ಕ್ಕೆ 576ರ ಚಿತ್ರದ ಪಿಕ್ಸೆಲ್‌ಗಳು ಚೌಕವೂ ಅಲ್ಲ. 4:3 ಚಿತ್ರದಲ್ಲಿ ಅವು ಎತ್ತರಕ್ಕಿಂತ ಅಗಲವಾಗಿರುತ್ತವೆ. ಚೌಕವೆಂದು ಭಾವಿಸಿ ತಿರುಗಿಸಿದರೆ ಮುಖಗಳು ಸೊಟ್ಟಗಾಗುತ್ತವೆ. ಮೊದಲು ಆ ಎರಡು ಕ್ಷಣಗಳ ಸಾಲುಗಳನ್ನು ಬಿಡಿಸಿ, ಎಂದರೆ ಡಿಇಂಟರ್‌ಲೇಸ್ ಮಾಡಿ, ಆಮೇಲೆ ಪಿಕ್ಸೆಲನ್ನು ಚೌಕಕ್ಕೆ ತಂದು, ಅದಾದ ಮೇಲೆ ಪಾರದರ್ಶಕ ಅಂಚು ಕಟ್ಟಿ ತಿರುಗಿಸಿ. ಟೇಪಿನಿಂದ ಇಳಿಸಿದ ಮೂಲ ಫೈಲನ್ನು ಮಾತ್ರ ಮುಟ್ಟದೆ ಎರಡು ಕಡೆ ಕಾಪಿ ಇಡಿ. ಟೇಪು ವರ್ಷದಿಂದ ವರ್ಷಕ್ಕೆ ಹಾಳಾಗುತ್ತಲೇ ಇರುತ್ತದೆ, ಅದನ್ನು ಓದುವ ಪ್ಲೇಯರುಗಳೂ ಕಡಿಮೆಯಾಗುತ್ತಿವೆ.